ಜವರಪ್ಪ ಡಾಕ್ಟರು ಮತ್ತು ನನ್ನ ಕ್ಯಾಲ್ಸಿಯಂ ಸೇವೆ

ದನದ ಡಾಕ್ಟರು ಜವರಪ್ಪನವರು ಕೊಟ್ಟಿಗೆಗೆ ಬಂದರೆ ಮೊದಲು ಹಸುವಿನ ಕಿವಿ ಮುಟ್ಟಿ ನೋಡುತ್ತಿದ್ದರು, ಆಮೇಲೆ ಮನೆಯವರ ಮಾನ ಕಳೆಯುತ್ತಿದ್ದರು. ಶಾಂತಿಗ್ರಾಮದ ಸುತ್ತ ಅವರ ಬಾಯಿಗೆ ಸಿಗದ ಹೆಂಗಸಿಲ್ಲ. ಕಾಫಿ ಕೊಡಹೋದರೆ, "ಸಕ್ಕರೆ ಕಮ್ಮಿ ಆಕವ್ವ, ನನ್ನ ಮಾತೇ ಸಿಹಿ" ಎನ್ನುವರು.

ನಮ್ಮ ಹಸು ಗೌರಿಯ ಮೂರನೇ ಸೂಲಿಗೆ ಮುಂಚೆ ನಾನೊಂದು ಪುಣ್ಯದ ಕೆಲಸ ಮಾಡಿದೆ. ದಿನಾ ದೇವರಿಗೆ ದೀಪ ಹಚ್ಚಿ, ಅವಳಿಗೆ ಕ್ಯಾಲ್ಸಿಯಂ ಟಾನಿಕ್ಕನ್ನು ತೀರ್ಥದ ಹಾಗೆ ತಿಂಗಳಿಡೀ ಕುಡಿಸಿದೆ. ಕರು ಹಾಕಿದ ಮಾರನೇ ಬೆಳಿಗ್ಗೆ ಗೌರಿ ಕುಸಿದು, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿಬಿಟ್ಟಳು. ಕರು ಅಂಬಾ ಎಂದರೂ ಮಿಸುಕಲಿಲ್ಲ.

ಡಾಕ್ಟರು ಕಿವಿ ಮುಟ್ಟಿದರು. "ಎಸ್ರು ಹಾಲುಜ್ವರ, ಮೈ ಮಾತ್ರ ಐಸು. ಏನ್ ಕೊಟ್ಟೆ ಇದ್ಕೆ?"

ಹೆಮ್ಮೆಯಿಂದಲೇ ಹೇಳಿದೆ.

"ಭೇಷ್! ಮೂಳೆ ಒಳಗೆ ಕ್ಯಾಲ್ಸಿಯಮ್ಮಿನ ಕಣಜವೇ ಐತೆ. ರಕ್ತದಲ್ಲಿ ಕಮ್ಮಿಯಾದ್ರೆ ಗಂಟಲ ತಾವ ಇರೋ ಸಣ್ಣ ಗ್ರಂಥಿ ಹಾರ್ಮೋನು ಬಿಟ್ಟು ಕಣಜ ತೆಗೆಸ್ತದೆ. ನೀನು ತಿಂಗ್ಳೆಲ್ಲ ಬಾಯಿಗೇ ಸುರಿದೆ, ಆ ಗ್ರಂಥಿ ಕಾಲು ಚಾಚ್ಕೊಂಡು ಮಲ್ಕೊಂತು. ಈಗ ರಕ್ತದಲ್ಲಿ ಇದ್ದಬದ್ದದ್ದೆಲ್ಲ ಹಾಲಿಗೇಂತ ಕೆಚ್ಚಲಿಗೋಯ್ತು. ಗ್ರಂಥಿ ಎದ್ದು ಕೆಲ್ಸಕ್ಕೆ ಬರೋಕೆ ಎರಡ್ಮೂರು ದಿನ ಬೇಕು. ಅಲ್ಲೀಗಂಟ ಹಸ ಇರ್ಬೇಕಲ್ಲ!"

"ಉಳೀತದಾ ಡಾಕ್ಟ್ರೇ?"

"ಬಾಟ್ಲಿ ಎತ್ತಿ ಹಿಡ್ಕೊ. ಬಿರ್ರನೆ ಬಿಟ್ರೆ ಎದೆನೇ ನಿಂತೋಯ್ತದೆ."

ಹನಿ ಹನಿಯಾಗಿ ಕ್ಯಾಲ್ಸಿಯಂ ರಕ್ತನಾಳಕ್ಕೆ ಇಳಿಯಿತು. ಅವರು ಗೌರಿಯ ಎದೆಬಡಿತ ಆಲಿಸುತ್ತ ಕೂತರು. ನನ್ನ ಬಾಯಲ್ಲಿ ಸಮಸ್ತ ದೇವರುಗಳ ಹೆಸರು.

"ಯಾವ ದೇವ್ರನ್ನಾರ ಕರಿ, ಕೈ ಅಲ್ಲಾಡಿಸ್ಬೇಡ."

ತೋಳು ಮರಗಟ್ಟುವ ಹೊತ್ತಿಗೆ ಗೌರಿ ತೇಗಿದಳು, ನಡುಗಿದಳು, ಸಗಣಿ ಹಾಕಿದಳು, ತಡವರಿಸಿ ಎದ್ದಳು. ಆ ಸಗಣಿಯನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ.

"ದೇವರು ದೊಡ್ಡವನು" ಎಂದೆ.

"ಹೂಂ ಕಣವ್ವ, ನಾನು ಸೂಜಿ ಚುಚ್ಚಿದ್ದಷ್ಟೇ. ಮುಂದ್ಲ ಸಲ ಕರ ಆಕೋಗಂಟ ಆ ಟಾನಿಕ್ಕು ಮುಟ್ಬೇಡ. ಆಕಿದ್ಮೇಲೆ ಕೊಡು. ನಿನ್ನ ಭಕ್ತಿ ದೇವ್ರ ಮನೆಲಿರ್ಲಿ."

ಮುಂದಿನ ಸೂಲಿಗೆ ಹಾಗೇ ಮಾಡಿದೆ. ಡೈರಿಗೆ ಹಾಲು ಹಾಕಲು ಬರುವ ಹೆಂಗಸರು ನನ್ನನ್ನು ಟಾನಿಕ್ಕೂ ಕೊಡದ ಜಿಪುಣಿ ಎಂದರು. ನಾನು ಮಾತ್ರ ಕರು ಹಾಕಿದ ಮೇಲೆ ಮೂರು ದಿನ ಗಂಟೆಗೊಮ್ಮೆ ಗೌರಿಯ ಕಿವಿ ಮುಟ್ಟುತ್ತಿದ್ದೆ. ಬೆಚ್ಚಗಿತ್ತು. ನಾಲ್ಕನೇ ದಿನ ಧೈರ್ಯ ಬಂದು, ರಿಟೈರಾಗಿ ಹೊಳೆನರಸೀಪುರದಲ್ಲಿದ್ದ ಡಾಕ್ಟರಿಗೆ ಫೋನು ಮಾಡಿದೆ. ಅವರ ಹೆಂಡತಿ ಎತ್ತಿಕೊಂಡರು.

"ಅವ್ರು ತೀರೋಗಿ ಎರಡ್ ತಿಂಗ್ಳಾಯ್ತು ಕಣವ್ವ."

ಆಮೇಲೆ ಅವರೇ ಕೇಳಿದರು: "ಯಾಕವ್ವ, ಹಸ ಬಿದ್ದೋಯ್ತಾ?"

"ಇಲ್ಲ ಕಣಕ್ಕ, ನಿಂತೈತೆ. ಡಾಕ್ಟ್ರು ಬರೋದು ಬೇಡ ಅಂತ ಹೇಳೋಕೆ ಮಾಡ್ದೆ."