ಕಾಗೆ ಒಯ್ಯದ ಕಾಗೆ ಬಂಗಾರ

‘ಹೊಳೆಯುವುದನ್ನು ಕಂಡರೆ ಕಾಗೆ ಕದ್ದೊಯ್ಯುತ್ತದೆ, ಅದಕ್ಕೇ ಬೇಗಡೆಗೆ ಕಾಗೆ ಬಂಗಾರವೆಂಬ ಹೆಸರು’ ಎನ್ನುತ್ತಾರೆ. ನಾನೂ ಹಾಗೆಯೇ ನಂಬಿದ್ದೆ. ಹೋದ ವರ್ಷ ತಾಯಿ ತನ್ನ ಕೊನೆಯ ದಿನಗಳಲ್ಲಿ, ಜಂತಿಗೆ ಕಟ್ಟಿದ್ದ, ಬೇಗಡೆ ಅಂಟಿಸಿದ ತನ್ನ ಮದುವೆಯ ಬಾಸಿಂಗವನ್ನು ಒಮ್ಮೆ ಇಳಿಸಿ ತೋರಿಸೆಂದಾಗ, “ಕಾಗಿ ಒಯ್ಯೂ ಬಂಗಾರ ಅದು, ಅದರಾಗ ಏನ್ ನೋಡತೀಯವ್ವಾ?” ಎಂದು ನಕ್ಕುಬಿಟ್ಟೆ; ಇಳಿಸಲಿಲ್ಲ.

ಹತ್ತನೆಯ ದಿನ ಊರ ಕೆರೆಯ ದಂಡೆಯಲ್ಲಿ ಪಿಂಡ ಇಟ್ಟೆವು. ಬೇವಿನ ಮರದ ತುಂಬ ಕಾಗೆಗಳಿದ್ದವು. ಒಂದೂ ಕೂಗಲಿಲ್ಲ, ಒಂದೂ ಇಳಿಯಲಿಲ್ಲ. ಮಧ್ಯಾಹ್ನ ತಿರುಗಿದಾಗ ತಾಯಿಯ ತಂಗಿ ಮನೆಗೆ ಹೋಗಿ, ಬಾಸಿಂಗದಿಂದ ಬೇಗಡೆಯ ಚೂರೊಂದನ್ನು ಬಿಡಿಸಿ ತಂದು ಅನ್ನದ ಮೇಲಿಟ್ಟಳು.

“ಅಕ್ಕಾ, ನಿನ್ನ ಬಾಸಿಂಗದ್ದು ತಂದೇನಿ, ಸಿಟ್ಟ ಬಿಡು” ಎಂದು ಮರದತ್ತ ಹೇಳಿ, ನನ್ನ ಕಡೆ ತಿರುಗಿದಳು. “ಒಯ್ತಾವ ಅಂತಿದ್ದಿ, ಈಗ ನೋಡಪಾ ಶ್ಯಾಣ್ಯಾ.”

ಒಂದೇ ಕಾಗೆ ಇಳಿಯಿತು. ಚೂರನ್ನು ಕೊಕ್ಕಿನಲ್ಲೆತ್ತಿ, ನನ್ನನ್ನು ಬಹಳ ಹೊತ್ತು ನೋಡಿ, ಮೆಲ್ಲಗೆ ಪಕ್ಕಕ್ಕಿಟ್ಟಿತು. ಅನ್ನವನ್ನಷ್ಟೇ ತಿಂದಿತು.

ಅಗಲಿದವರು ಕಾಗೆಯಾಗಿ ಬಂದು ಗುರುತು ಹಿಡಿಯುವ ಬಂಗಾರವೆಂದೇ ಆ ಹೆಸರು ಬಂದಿರಬೇಕೆಂಬುದು ಅಂದಿನಿಂದ ನನ್ನ ವಾದ. ಸಂಶಯವಿದ್ದವರು ಹೆಬ್ಬಳ್ಳಿಯ ನಮ್ಮ ಮನೆಗೆ ಬರಬಹುದು. ಬಾಸಿಂಗ ಜಂತಿಯಲ್ಲೇ ಇದೆ; ಮತ್ತೆ ಅಂಟಿಸಿದ ಚೂರಿನ ಮೇಲೆ ಕೊಕ್ಕಿನ ಗುರುತೂ ಇದೆ.