ಹಾಡಬಾರದ ಹಾಡು

ಕುಂದಾಪುರದ ನನ್ನ ಸಂಗೀತ ಕ್ಲಾಸಿಗೆ ವಂಡ್ಸೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ ಒಬ್ಬಳಿದ್ದಳು. ಒಳ್ಳೇ ಕಂಠ. ಆದರೆ ಮೇಲಿನ ಷಡ್ಜ, ಆ ಎತ್ತರದ ‘ಸ’, ಬಂತೆಂದರೆ ಹೆದರಿ ಸ್ವರ ನುಂಗಿಬಿಡುವಳು. ಬೈದೆ, ರಮಿಸಿದೆ, ಏನೂ ಆಗಲಿಲ್ಲ. ಒಂದು ದಿನ ನಾನು ಬಾಗಿಲು ತೆಗೆಯುವ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತು, ಬಸ್ಸಿನಲ್ಲಿ ದಿನಾ ಕಿವಿಗೆ ಬೀಳುವ ಪಾಪ್ ಹಾಡೊಂದನ್ನು ಹಾಡುತ್ತಿದ್ದಳು. ಅದೇ ಷಡ್ಜ, ನೀರು ಕುಡಿದಷ್ಟು ಸಲೀಸು! ಇನ್ನೇಕೆ ತಡ ಎಂದು ಶ್ರುತಿಪೆಟ್ಟಿಗೆ ಇಟ್ಟು ಆ ಹಾಡನ್ನೇ ಸ್ವರ ಬಿಡಿಸಿ ಕಲಿಸಿದೆ. ಹುಡುಗಿ ಕಂಠ ಬಿಟ್ಟು ಹಾಡತೊಡಗಿದಳು.

ಆ ಪಾಪ್ ಹಾಡಿನ ವಿಡಿಯೋ ನಾನು ನೋಡಿರಲಿಲ್ಲ. ತೋರಿಸಿದ್ದು ಅವಳ ಅಪ್ಪ, ಪೇಟೆಯಲ್ಲಿ ಹೋಟೆಲು ಇಟ್ಟವರು. ಕ್ಲಾಸಿನ ನಡುವೆ ನುಗ್ಗಿ, ಮಕ್ಕಳೆಲ್ಲ ನೋಡುತ್ತಿರುವಾಗಲೇ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದರು. ಈಜುಕೊಳದ ಸುತ್ತ ಅರೆಬಟ್ಟೆಯ ಹೆಂಗಸರು ಸೊಂಟ ಕುಣಿಸುತ್ತಿದ್ದರು.

“ಟೀಚರೇ, ಇದೆಂತ? ನಮ್ ಹೆಣ್ಣಿಗ್ ನೀವ್ ಕಲ್ಸುದ್ ಇದನ್ನಾ?”

“ನಾ ಕಲ್ಸಿದ್ದ್ ಸ್ವರ ಮಾತ್ರ. ವಿಡಿಯೋ ಅಲ್ಲ.”

“ಎಲ್ಲಾ ಒಂದೇ. ನಾಳಿಂದ ಅವ್ಳ್ ಬತ್ತಿಲ್ಲೆ.”

ಹುಡುಗಿ ಚೀಲ ಎತ್ತಿಕೊಂಡು ತಲೆ ತಗ್ಗಿಸಿ ಅಪ್ಪನ ಹಿಂದೆ ಇಳಿದು ಹೋದಳು. ನನಗೆ ಅಂದು ಬಂದ ಸಿಟ್ಟು ಇಂದಿಗೂ ಇಳಿದಿಲ್ಲ. ಅದರ ಹಿಂದಿನ ವರ್ಷ ನಮ್ಮ ಕ್ಲಾಸಿನ ಕಾರ್ಯಕ್ರಮದಲ್ಲಿ ಮಗಳು ಒಂದು ಜಾವಳಿ ಹಾಡಿದಾಗ ಇದೇ ಮನುಷ್ಯ ವೇದಿಕೆ ಹತ್ತಿ ನನಗೆ ಶಾಲು ಹೊದೆಸಿದ್ದರು. ಬರುತ್ತೇನೆಂದು ಹೇಳಿ ಬಾರದೇ ಹೋದ ನಲ್ಲನನ್ನು ನೆನೆದು ಹಾಸಿಗೆಯಲ್ಲಿ ಹೊರಳುವ ಹೆಣ್ಣಿನ ಹಾಡು ಅದು. ತೆಲುಗಾದ್ದರಿಂದ ಯಾರಿಗೂ ತಿಳಿಯಲಿಲ್ಲ. ದೇವರ ಪದವೆಂದುಕೊಂಡು ಮುಂದಿನ ಸಾಲಿನವರು ಕೈಮುಗಿದು ಕೂತಿದ್ದರು. ಆಗ ಮರ್ಯಾದೆ ಹೋಗಲಿಲ್ಲ, ಈಗ ಹೋಯಿತಂತೆ! ಪಾಪ್ ಹಾಡು ಕಲಿಸಬಹುದೇ ಬಾರದೇ ಎಂದು ಆಮೇಲೆ ಬಹಳ ಜನ ನನಗೆ ಬುದ್ಧಿ ಹೇಳಿದರು. ಆ ಹುಡುಗಿಯ ಕಂಠ ಏನಾಯಿತೆಂದು ಒಬ್ಬರೂ ಕೇಳಲಿಲ್ಲ.

ಮೊನ್ನೆ ಹೆಮ್ಮಾಡಿಯ ಹಾಲ್‌ನಲ್ಲಿ ಪರಿಚಯದವರ ಮನೆಯ ಮೆಹೆಂದಿ. ಡಿಜೆ ಅದೇ ಹಾಡು ಹಾಕಿದ, ದೊಡ್ಡ ಪರದೆಯ ಮೇಲೆ ಅದೇ ಈಜುಕೊಳ. ಹೋಟೆಲಿನ ಯಜಮಾನರು ಎರಡೂ ಕೈ ಎತ್ತಿ ಕುಣಿಯುತ್ತಿದ್ದರು. ಪಕ್ಕದಲ್ಲೇ ಮಗಳೂ ಕುಣಿಯುತ್ತಿದ್ದಳು, ಬಾಯಿ ಮಾತ್ರ ಬಿಗಿಹಿಡಿದಿದ್ದಳು. ಸುತ್ತಲಿನವರೆಲ್ಲ ಕಿರುಚಿ ಹಾಡುತ್ತಿದ್ದರೂ ಅವಳ ತುಟಿ ಅಲುಗಲಿಲ್ಲ.

ಊಟದ ಹತ್ತಿರ ಸಿಕ್ಕಳು. “ಈಗ ಹಾಡುದಿಲ್ಯಾ ಮಗಾ?” ಎಂದೆ.

ಅವಳು ಅಪ್ಪನ ಕಡೆ ಒಮ್ಮೆ ನೋಡಿ ಮೆಲ್ಲಗೆ ಹೇಳಿದಳು: “ಕುಣುಕ್ ಅಡ್ಡಿಲ್ಲೆ ಅಂದಿರ್ ಅಪ್ಪಯ್ಯ. ಪದ ಹಾಡುಕಾಗ ಅಂಬ್ರ್, ಟೀಚರೇ.”