ನೆಟ್ಟಗೆ ಮಾಡಿದ ಗುಡ್ಡ

ನಮ್ಮ ಮನೆಯವರ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ಸಿಟ್ಟು ಬರುತ್ತದೆ, ಆಮೇಲೆ ಉತ್ತರ. ಅವರು ಕಂಪ್ಯೂಟರ್ ಆಟಗಳಿಗೆ ನೆಲ ಮಾಡಿಕೊಡುತ್ತಾರೆ. ಆಟದೊಳಗೆ ಓಡುವವರು, ಹೊಡೆಯುವವರು ಬೇರೆಯವರ ಪಾಲು. ಅವರ ಕಾಲ ಕೆಳಗಿನ ಹುಲ್ಲು, ಮಣ್ಣು, ಏರು, ಇಳಿಜಾರು ಇವರ ಪಾಲು. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಅಂಗಡಿ. ಬರುವ ಗಿರಾಕಿಗಳಿಗೆ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಒಂದು ಅಂಗಿಗೆ ಕಾಜಾ ಹೊಲಿದು ಮುಗಿಸಬಹುದು.

ಅಪ್ಪನಿಗಂತೂ ಇದು ಮದುವೆಗೆ ಮುಂಚೆಯೂ ತಲೆಗೆ ಹೋಗಲಿಲ್ಲ, ಮದುವೆಯಾದ ಮೇಲೂ ಹೋಗಲಿಲ್ಲ. "ಇಲ್ಲದ ಜಾಗದಲ್ಲಿ ಹುಲ್ಲು ಬೆಳೆಸ್ತಾನಂತೆ!" ಎಂದು ಸಂಬಂಧಿಕರ ಮುಂದೆ ಮೂಗು ಮುರಿದಿದ್ದರು. ಈಗ ಎದುರಿಗೆ ಅಳಿಯಂದಿರು ಎಂದು ಬಹುವಚನದಲ್ಲೇ ಕರೆಯುತ್ತಾರೆ. ಆ ಬಹುವಚನದಲ್ಲಿ ಎಷ್ಟು ಮರ್ಯಾದೆ ಇದೆ ಅಂತ ಇವರಿಗೂ ಗೊತ್ತು, ನನಗೂ ಗೊತ್ತು.

ಅಪ್ಪ ಬಸ್ ಡ್ರೈವರ್ ಆಗಿದ್ದವರು. ಜೀವಮಾನವಿಡೀ ಒಂದೇ ದಾರಿ, ಕೆಳಗಿನ ಪಟ್ಟಣದಿಂದ ಗುಡ್ಡದ ಮೇಲಿನ ಗಾಲ್ಫ್ ಮೈದಾನಕ್ಕೆ. ಆಡಲು ಬಂದವರು ಮಧ್ಯಾಹ್ನ ಊಟಕ್ಕೆ ಕೂತರೆ ಮೈದಾನ ಖಾಲಿ. ಆಗ ಅಲ್ಲಿನ ಕಾವಲುಗಾರ ಅಪ್ಪನ ಕೈಗೆ ಒಂದು ಕೋಲು, ಒಂದು ಚೆಂಡು ಕೊಟ್ಟು ಕೊನೆಯ ಕುಳಿಯ ಹತ್ತಿರ ಬಿಡುತ್ತಿದ್ದ. ಕುಳಿಯ ಸುತ್ತ ಬುಡಮಟ್ಟ ಕತ್ತರಿಸಿದ ನುಣುಪು ಹುಲ್ಲುಹಾಸು ಇರುತ್ತದೆ, ಅದಕ್ಕೆ ಗ್ರೀನ್ ಅನ್ನುತ್ತಾರೆ. ಅಪ್ಪ ಆಡಿದ ಗಾಲ್ಫ್ ಎಂದರೆ ಆ ಒಂದು ಗ್ರೀನ್ ಅಷ್ಟೇ. ಆದರೆ ಊಟಕ್ಕೆ ಕೂತಾಗಲೆಲ್ಲ ಅದರದೇ ಮಾತು. ಅಲ್ಲಿನ ಗಾಳಿ, ಅಲ್ಲಿನ ಬಿಸಿಲು, ಚೆಂಡು ಉರುಳುವಾಗ ಬರುವ ಸದ್ದು. ಕೇಳಿ ಕೇಳಿ ನಮ್ಮಪ್ಪ ದೊಡ್ಡ ಆಟಗಾರ ಎಂದೇ ನಾನು ನಂಬಿಕೊಂಡು ಬೆಳೆದೆ. ಈಗ ಮಂಡಿ ಎರಡೂ ಕೈಕೊಟ್ಟಿವೆ. ನಮ್ಮ ಮನೆಯಲ್ಲೇ ಇದ್ದಾರೆ, ಹೊಸ್ತಿಲು ದಾಟುವುದಕ್ಕೂ ಗೋಡೆ ಹಿಡಿಯಬೇಕು. ಇನ್ನು ಗುಡ್ಡದ ಮಾತೆಲ್ಲಿ ಬಂತು.

ಯಾರೂ ಕೇಳಿರದ ಆ ಮೈದಾನವನ್ನು ಹೊಸ ಗಾಲ್ಫ್ ಆಟಕ್ಕೆ ಸೇರಿಸಿ ಎಂದು ಕಂಪನಿಯವರ ತಲೆ ತಿಂದು ಒಪ್ಪಿಸಿದ್ದು ನಮ್ಮ ಮನೆಯವರೇ. ಕಂಪನಿಗೆ ಏನೇನೋ ಕಾರಣ ಹೇಳಿದರು. ನನಗೆ ಹೇಳಿದ್ದು ಒಂದೇ. "ನಿಮ್ಮಪ್ಪ ನೋಡಿ, ಹೌದು ಇದೇ ಅಂತ ಒಂದ್ ಮಾತು ಅಂದ್ಬಿಟ್ರೆ ಸಾಕು ಕಣೆ. ಇನ್ಯಾರು ಹೊಗಳಿದ್ರೂ ಬಿಟ್ರೂ ನಂಗೇನೂ ಇಲ್ಲ."

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಇವರು ಆ ಮೈದಾನದ ಹಿಂದೆ ಕೈತೊಳೆದುಕೊಂಡು ಬಿದ್ದರು. ವಿಮಾನದಿಂದ ಕಿರಣ ಬಿಟ್ಟು ಅಳೆದ ನೆಲದ ಎತ್ತರಗಳನ್ನು ತರಿಸಿದರು. ತಾವೇ ಗುಡ್ಡ ಹತ್ತಿ ಮರದ ತೊಗಟೆ, ಮರಳು, ಬೇಲಿ ಎಲ್ಲದರ ಫೋಟೋ ತಂದರು. ಹುಲ್ಲಿನ ಉದ್ದ ನೋಡಲು ನನ್ನ ಅಳತೆ ಟೇಪು ತೆಗೆದುಕೊಂಡು ಹೋದವರು ಅದನ್ನು ಅಲ್ಲೇ ಬಿಟ್ಟು ಬಂದರು. ಪಾರ್ಕಿನಲ್ಲಿ ನಾಲ್ಕು ಜನರ ಎದುರು ನೆಲಕ್ಕೆ ಕೆನ್ನೆ ಹಚ್ಚಿ ಹುಲ್ಲಿನ ನೆರಳು ನೋಡುತ್ತಾ ಮಲಗಿದರು. ನಾನು ಪರಿಚಯ ಇಲ್ಲದವಳ ಹಾಗೆ ಮುಂದೆ ನಡೆದುಬಿಟ್ಟೆ.

ಕೊನೆಗೂ ಮುಗಿಯಿತು ಎಂದು ಅಪ್ಪನನ್ನು ಹಿಂದಿನ ಕೋಣೆಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಪರದೆಯ ಮೇಲೆ ಕೊನೆಯ ಗ್ರೀನ್, ಅದರ ಹಿಂದೆ ದೂರದಲ್ಲಿ ಇನ್ನೊಂದು ದೊಡ್ಡ ಗುಡ್ಡ. ಯಾವ ಗುಂಡಿ ಒತ್ತಬೇಕು ಅಂತ ತೋರಿಸಿಕೊಟ್ಟರು. ಅಪ್ಪ ಕನ್ನಡಕ ಏರಿಸಿ ನೋಡಿದರು. ನೆಲ ಎಡದಿಂದ ಬಲಕ್ಕೆ ಇಳಿದಿರುವುದು ಕಣ್ಣಿಗೆ ಕಾಣುತ್ತಿತ್ತು. ಸ್ವಲ್ಪ ಎಡಕ್ಕೆ ಗುರಿಯಿಟ್ಟು ಹೊಡೆದರು. ಚೆಂಡು ಬಳಸಿಕೊಂಡು ಬಂದು ಕುಳಿಗೆ ಬಿತ್ತು. ಇವರ ಮುಖ ಅರಳಿತು.

"ಇದಲ್ಲ" ಎಂದರು ಅಪ್ಪ.

"ಏನಲ್ಲ ಮಾವ?"

"ಅದೇನೋ ಗೊತ್ತಿಲ್ಲ. ಚೆನ್ನಾಗಿದೆ. ಆದ್ರೆ ಇದಲ್ಲ."

ಎದ್ದು ಗೋಡೆ ಹಿಡಿದುಕೊಂಡು ಹೊರಟೇಬಿಟ್ಟರು.

ಇವರು ಹುಲ್ಲಿನ ಬಣ್ಣ ಬದಲಾಯಿಸಿದರು. ಅಪ್ಪ ಬಂದರು, ಹೊಡೆದರು, ಚೆಂಡು ಬಿತ್ತು, "ಇದಲ್ಲ." ಬಿಸಿಲು ಬದಲಾಯಿಸಿದರು. ಗಾಳಿಯ ಸದ್ದು ಹಾಕಿದರು. ಕಾವಲುಗಾರ ಕೂರುತ್ತಿದ್ದ ಮುರುಕು ಬೆಂಚನ್ನೂ ಮಾಡಿಟ್ಟರು. ಚೆಂಡು ಪ್ರತಿಸಲ ಸಲೀಸಾಗಿ ಕುಳಿಗೆ ಬೀಳುತ್ತಿತ್ತು, ಅಪ್ಪ ಪ್ರತಿಸಲ ಅದೇ ರಾಗ ಹಾಡುತ್ತಿದ್ದರು. ಏನು ಸರಿಯಿಲ್ಲ ಅಂತ ಹೇಳಿದರೆ ತಿದ್ದಬಹುದು. ಬರೀ ಸರಿಯಿಲ್ಲ ಅಂದರೆ ಮನುಷ್ಯ ಎಲ್ಲಿಗೆ ಹೋಗಿ ತಲೆ ಚಚ್ಚಿಕೊಳ್ಳಬೇಕು? ಇವರು ಊಟದ ತಟ್ಟೆ ಮುಂದಿಟ್ಟುಕೊಂಡು ಗೋಡೆ ನೋಡುತ್ತಾ ಕೂರತೊಡಗಿದರು. ಮಾತಾಡಿಸಿದರೆ ಸಿಡುಕು, ಮಾತಾಡಿಸದಿದ್ದರೆ ಅದಕ್ಕೂ ಸಿಡುಕು. ಅತ್ತ ಅಪ್ಪನ ಹಟ, ಇತ್ತ ಇವರ ಹಟ. ನಡುವೆ ನಾನು ಅನ್ನ ಬಡಿಸಿಕೊಂಡು ಓಡಾಡಬೇಕಿತ್ತು.

"ನಿಮ್ಮಪ್ಪ ಬೇಕಂತಲೇ ಮಾಡ್ತಿದ್ದಾರೆ" ಎಂದರು ಒಂದು ದಿನ. "ನಾನು ಏನ್ ಮಾಡಿದ್ರೂ ಅವರು ಒಪ್ಪಲ್ಲ. ನೆಲ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಇನ್ನೇನು ಬೇಕಂತೆ ಅವರಿಗೆ?"

ನನಗೂ ಹಾಗೇ ಅನ್ನಿಸಿತ್ತು. ಆದರೆ ಅಂಗಡಿಯ ಅನುಭವ ಬೇರೆ ಹೇಳುತ್ತಿತ್ತು. ಗಿರಾಕಿ ಕನ್ನಡಿ ಮುಂದೆ ನಿಂತು "ಏನೋ ಸರಿ ಕೂತಿಲ್ಲ" ಎಂದರೆ ಎಲ್ಲೋ ಸರಿ ಕೂತಿರುವುದಿಲ್ಲ. ತೋಳು ಅನ್ನುತ್ತಾರೆ, ತಪ್ಪು ಕುತ್ತಿಗೆಯಲ್ಲಿರುತ್ತದೆ. ಮಾರನೆಯ ಬೆಳಿಗ್ಗೆ ಅಪ್ಪ ಮತ್ತೊಮ್ಮೆ ಚೆಂಡು ಹಾಕಿ "ಇದಲ್ಲ" ಎಂದಾಗ ನನ್ನ ತಾಳ್ಮೆ ಕೆಟ್ಟಿತು.

"ಅಪ್ಪಾ, ಇಲ್ಲಿ ಇಷ್ಟು ಚೆನ್ನಾಗಿ ಹಾಕ್ತಿದ್ದೀರಲ್ಲ, ಮತ್ತೆ ಅಲ್ಲೂ ಹೀಗೇ ಹಾಕ್ತಿದ್ರಿ ತಾನೇ?"

"ಎಲ್ಲಿ ಬಂತು!" ಎಂದರು ಅಪ್ಪ. "ಅಲ್ಲಿ ಒಂದ್ ಸಲಾನೂ ಬಿದ್ದಿಲ್ಲ ನಂಗೆ."

ಇಷ್ಟು ವರ್ಷ ನಮ್ಮ ಕಿವಿ ತೂತು ಮಾಡಿದ ಮಹಾನುಭಾವರು ಒಂದು ಚೆಂಡನ್ನೂ ಕುಳಿಗೆ ಹಾಕಿಲ್ಲ!

"ಅಲ್ಲಿ ನೆಲ ಸಮ ಇದ್ದಂಗೇ ಕಾಣ್ತಿತ್ತಮ್ಮ. ನೇರ ಹೊಡೀತಿದ್ದೆ. ಹಾಳಾದ್ದು ಬಲಕ್ಕೆ ಹೋಗ್ಬಿಡ್ತಿತ್ತು. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ."

ಇವರು ಕುರ್ಚಿಯ ಹಿಂದೆ ನಿಂತವರು ಪರದೆಯನ್ನೇ ನೋಡುತ್ತಿದ್ದರು. ಆಮೇಲೆ ಹಣೆ ಹಣೆ ಬಡಿದುಕೊಂಡರು.

"ಗುಡ್ಡ ಕಣೆ! ಗುಡ್ಡ ನಾನೇ ನೆಟ್ಟಗೆ ಮಾಡಿದ್ದೆ!"

ಆಗಿದ್ದಿಷ್ಟು. ಚೆಂಡು ಗುಡ್ಡಕ್ಕೆ ಹೋಗುವುದಿಲ್ಲ, ಹಾಗಾಗಿ ಗುಡ್ಡವನ್ನು ಅಳೆದು ಮಾಡುವ ಬದಲು ಹಿಂದೆ ಒಂದು ಫೋಟೋ ಹಾಕಿದ್ದರು. ಅದರಲ್ಲಿ ಗುಡ್ಡದ ನೆತ್ತಿ ಎಡದಿಂದ ಬಲಕ್ಕೆ ವಾಲಿತ್ತು. ಫೋಟೋ ಸೊಟ್ಟಗಿದೆ ಎಂದು ಆಫೀಸಿನಿಂದ ದೂರು ಬಂತು. ಇವರೂ ತೆಗೆಯುವಾಗ ಕೈ ವಾಲಿರಬೇಕು ಎಂದುಕೊಂಡು ತಿರುಗಿಸಿ ಸಮ ಮಾಡಿದರು. ಕೈ ವಾಲಿರಲಿಲ್ಲ, ಗುಡ್ಡವೇ ಹಾಗಿತ್ತು. ಹಿಂದಿನ ಗುಡ್ಡ ಯಾವ ಕಡೆಗೆ ವಾಲಿದೆಯೋ ಮುಂದಿನ ಹುಲ್ಲೂ ಅದೇ ಕಡೆಗೆ ಇಳಿದಿದ್ದರೆ ಕಣ್ಣಿಗೆ ಹುಲ್ಲು ಸಮವಾಗಿ ಕಾಣುತ್ತದೆ. ಗುಡ್ಡ ನೆಟ್ಟಗಾದ ಕೂಡಲೇ ಇಳಿಜಾರಿನ ಗುಟ್ಟು ರಟ್ಟಾಗಿತ್ತು.

ಅವತ್ತೇ ಗುಡ್ಡವನ್ನು ಮೊದಲಿನಂತೆ ವಾಲಿಸಿ ಆಫೀಸಿಗೆ ಕಳಿಸಿದರು. ಅಪ್ಪನಿಗೆ ತೋರಿಸೋಣ ಅಂದರೆ, "ತಡಿ, ಒಪ್ಪಿಗೆ ಬರ್ಲಿ. ಆಟದಲ್ಲಿ ಇರೋದನ್ನೇ ತೋರಿಸ್ತೀನಿ" ಎಂದರು. ಸಂಜೆ ಮ್ಯಾನೇಜರ್ ಫೋನು. ನಾನು ಬಾಗಿಲಲ್ಲೇ ನಿಂತು ಕೇಳಿಸಿಕೊಂಡೆ.

"ಗುಡ್ಡ ಮತ್ತೆ ಸೊಟ್ಟಗಾಗಿದೆಯಲ್ಲ ರೀ."

"ಇರೋದೇ ಹಾಗೆ ಸರ್. ನಾನು ಕಣ್ಣಾರೆ ನೋಡಿದ್ದೀನಿ."

"ನೀವು ನೋಡಿದ್ರೆ ಆಯ್ತಾ? ಆಡೋರು ನೋಡಿಲ್ವಲ್ಲ. ಕೆಲಸ ಸೊಟ್ಟ ಅಂತಾರೆ. ಚೆಂಡು ಸುಮ್ಸುಮ್ನೆ ಪಕ್ಕಕ್ಕೆ ಹೋಗತ್ತೆ ಅಂತಾನೂ ಬೈತಾರೆ."

"ಅಲ್ಲಿ ಹಾಗೇ ಹೋಗೋದು ಸರ್! ಆ ಜಾಗ ಇರೋದೇ ಅದಕ್ಕೆ!"

ಇವರು ದನಿ ಎತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಪ್ರಯೋಜನವಾಗಲಿಲ್ಲ. ನೆಟ್ಟಗಿನ ಗುಡ್ಡವೇ ಆಟಕ್ಕೆ ಹೋಯಿತು. ಅದನ್ನು ಕೊಂಡವರು ಆ ಕೊನೆಯ ಕುಳಿ ಬಹಳ ಸುಲಭ, ಬಹಳ ಚೆಂದ ಎಂದು ಹೊಗಳಿ ಬರೆದರು. ಒಂದೊಂದು ಹೊಗಳಿಕೆಗೂ ಇವರ ಮುಖ ಇನ್ನಷ್ಟು ಬಾಡಿತು. ಬೈದಿದ್ದರೆ ವಾಸಿ ಇತ್ತು. ಅಪ್ಪನನ್ನು ಮತ್ತೆ ಕರೆಯಲೇ ಇಲ್ಲ. "ಇಲ್ಲದ್ದನ್ನ ತೋರಿಸಿ ಏನ್ ಮಾಡ್ಲಿ?" ಎಂದು ಕಂಪ್ಯೂಟರ್ ಮೇಲೆ ಟವೆಲ್ ಮುಚ್ಚಿದರು.

ನನಗೆ ಮೈಯೆಲ್ಲ ಉರಿಯಿತು. ಮ್ಯಾನೇಜರ್ ಮೇಲೆ, ಇವರ ಮೇಲೆ, ಅಪ್ಪನ ಮೇಲೆ, ಆ ಗುಡ್ಡದ ಮೇಲೆ. ಟವೆಲ್ ಕಿತ್ತು ಬಿಸಾಕಿದೆ. "ವಾಲಿದ್ದು ನಿಮ್ಮ ಹತ್ರ ಇನ್ನೂ ಇದೆ ತಾನೇ? ಹಾಕಿ" ಎಂದೆ. ಅಪ್ಪನನ್ನು ರಟ್ಟೆ ಹಿಡಿದು ಕರೆತಂದು ಕೂರಿಸಿದೆ.

ಅಪ್ಪ ಕನ್ನಡಕ ಏರಿಸಿದರು. ನೇರ ಗುರಿಯಿಟ್ಟು ಹೊಡೆದರು. ಚೆಂಡು ಕುಳಿಯ ಹತ್ತಿರ ಬಂದು, ಬಲಕ್ಕೆ ಜಾರಿ, ಆಚೆ ಹೋಗಿ ನಿಂತಿತು.

ಅಪ್ಪ ಮತ್ತೆ ಹೊಡೆದರು. ಬಲಕ್ಕೆ ಹೋಯಿತು. ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ಹೊಡೆದರು. ಬಲಕ್ಕೇ ಹೋಯಿತು. ಅವರ ಕಿವಿ ಕೆಂಪಾಯಿತು.

"ಥೂ, ಹಾಳಾದ್ದೇ! ಇನ್ನೂ ಬುದ್ಧಿ ಬಂದಿಲ್ವಾ ನಿಂಗೆ?" ಎಂದು ಪರದೆಗೆ ಬೈದರು.

ನಾನು ಹಿಂತಿರುಗಿ ನೋಡಿದೆ. ಇವರು ಬಾಗಿಲಿಗೆ ಒರಗಿ ನಿಂತಿದ್ದರು, ಕಣ್ಣು ತುಂಬಿತ್ತು. ಅಡುಗೆ ಆರಿಹೋಗುತ್ತಿದೆ ಎಂದು ಕೂಗಿದೆ. ಅಪ್ಪ ಏಳಲಿಲ್ಲ. ಇನ್ನೊಂದು ಸಲ, ಇನ್ನೊಂದೇ ಸಲ ಅನ್ನುತ್ತಾ ಹೊಡೆಯುತ್ತಲೇ ಇದ್ದರು. ಒಂದೂ ಬೀಳಲಿಲ್ಲ.

ನೋಡಲಾರದೆ ಇವರು ಹತ್ತಿರ ಬಂದು ಮೆಲ್ಲಗೆ ಕೇಳಿದರು. "ಬೇಕಿದ್ರೆ ಸ್ವಲ್ಪ ಸುಲಭ ಮಾಡಿಕೊಡ್ಲಾ ಮಾವ?"

ಅಪ್ಪ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಅದನ್ನ ಮುಟ್ಟಿದ್ರೆ ಕೈ ಮುರಿದುಬಿಡ್ತೀನಿ ನೋಡು."

ಮದುವೆಯಾದ ಮೇಲೆ ಅಪ್ಪ ಅಳಿಯನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.